ವಾಪಸ್ ಬಂದ ತುಪ್ಪದ ಡಬ್ಬಿ: ನಮ್ಮ ಬ್ರಿಟನ್ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಇದನ್ನು ನಿಮಗೆ ಇಂಗ್ಲಿಷಿನಲ್ಲೂ ಕಳಿಸಿದ್ದೇನೆ. ಕನ್ನಡದಲ್ಲಿ ಬರೆದದ್ದು, ಇಲ್ಲಿ ಮತ ಹಾಕುವ ನಮ್ಮವರೂ ಓದಲಿ ಅಂತ.

ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ 2016ರ ಜೂನ್ 23ರಂದು ನಡೆದ ಜನಮತಗಣನೆಯಲ್ಲಿ ನಾನೂ ಮತ ಹಾಕಿದೆ. ಆಗ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್‌ನವರು ಅಂತ ನಮಗೆ ಮತ ಇತ್ತು. ಇಲ್ಲೇ ವರ್ಷಗಟ್ಟಲೆ ದುಡಿದ ಪಕ್ಕದ ಮನೆಯ ಪೋಲೆಂಡಿನವರಿಗೆ ಇರಲಿಲ್ಲ. ಒಕ್ಕೂಟ ಬಿಟ್ಟರೆ ನಮ್ಮೂರಿನವರಿಗೆ ವೀಸಾ ಸುಲಭ ಆಗುತ್ತೆ ಅಂದರು, ಬಿಡೋಣ ಅಂತ ಪ್ರಚಾರ ಮಾಡಿದವರು. ನಂಬಿ, ಬಿಡೋಣ ಅಂತಲೇ ಗುರುತು ಹಾಕಿದೆ. ಮತ ಹಾಕಿದವರಲ್ಲಿ 51.9% ಮಂದಿ ಹಾಗೇ ಮಾಡಿದರು.

ಅದರ ಬೆಲೆ ನನಗೆ ತಟ್ಟಿದ್ದು ಒಂದು ತುಪ್ಪದ ಡಬ್ಬಿಯಿಂದ. ತಂಗಿ ನೆದರ್‌ಲ್ಯಾಂಡ್ಸಿನಲ್ಲಿ ಬಾಣಂತಿ. ನಮ್ಮ ಮನೆಗೆ ಬಂದಿದ್ದ ಅಮ್ಮ ಇಲ್ಲಿಯ ಬೆಣ್ಣೆ ಕಾಸಿ, ಕೊನೆಗೆ ವೀಳ್ಯದೆಲೆ ಹಾಕಿ, ಹರಳು ಹರಳಾಗಿ ತುಪ್ಪ ಮಾಡಿದರು. ಮುಚ್ಚಳಕ್ಕೆ ಟೇಪ್ ಸುತ್ತಿ, ಕಸ್ಟಮ್ಸ್ ಚೀಟಿಯಲ್ಲಿ ತೂಕ, ಬೆಲೆ ಬರೆದು ಕಳಿಸಿದೆವು. ಮೂರು ವಾರಕ್ಕೆ ವಾಪಸ್ ಬಂತು. ಹೊರದೇಶದಿಂದ ಹಾಲಿನ ಪದಾರ್ಥ ಹೀಗೆ ಪಾರ್ಸೆಲ್‌ನಲ್ಲಿ ಒಕ್ಕೂಟದೊಳಗೆ ಹೋಗುವಂತಿಲ್ಲ. ಬ್ರಿಟನ್ ಈಗ ಹೊರದೇಶ. 2020ರ ಕೊನೆಯವರೆಗೆ ಯಾರೂ ಕೇಳುತ್ತಿರಲಿಲ್ಲ. "ಅದೇ ಬೆಣ್ಣೆ, ಅದೇ ತುಪ್ಪ ಅಲ್ವಾ?" ಅಂದರು ಅಮ್ಮ. ನಾನು ಏನು ಹೇಳಲಿ?

ನಮ್ಮದು ಒಂದು ಡಬ್ಬಿ. ಚೀಸ್ ಮಾಡಿ ಆ ಕಡೆ ಮಾರುವವರಿಗೆ ಪಶುವೈದ್ಯರ ಸಹಿಯಿರುವ ಆರೋಗ್ಯ ಪ್ರಮಾಣಪತ್ರ ಬೇಕು. ದೊಡ್ಡ ಕಂಪನಿ ಹೇಗೋ ತಡೆದುಕೊಳ್ಳುತ್ತೆ. ಸಣ್ಣವರು ಸುಮ್ನೆ ಆ ಗಿರಾಕಿಗಳನ್ನೇ ಬಿಡುತ್ತಾರೆ. ಇಂಥ ನಷ್ಟ ಒಂದೇ ದಿನಕ್ಕೆ ಕಾಣಲ್ಲ, ಹಂಚಿನ ಸಂದಿಯಲ್ಲಿ ಸೋರುವ ನೀರಿನ ಹಾಗೆ ವರ್ಷಗಟ್ಟಲೆ ಇಳಿಯುತ್ತೆ. ಬಜೆಟ್ ಲೆಕ್ಕ ನೋಡುವ ಓಬಿಆರ್ ಅಂದಾಜಿನಂತೆ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ಬರಬರುತ್ತಾ 4% ಕಡಿಮೆಯಾಗುತ್ತದೆ.

ವೀಸಾ ವಿಷಯ. ನಮ್ಮವರು ಜಾಸ್ತಿ ಬಂದದ್ದು ನಿಜ. ಆದರೆ 2024ರ ಮಾರ್ಚಿನಲ್ಲಿ, ಕೇರ್ ಕೆಲಸಕ್ಕೆ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಅಂದಿತು ಸರ್ಕಾರ. ನಮ್ಮ ವಯಸ್ಸಾದವರನ್ನು ನೋಡಿಕೊಳ್ಳುವವರು ಅವರು. ಇದು ನನಗೆ ಬಹಳ ನೋವಿನ ಮಾತು.

2025ರ ಮೇ 19ರಂದು ಲಂಡನ್ನಿನಲ್ಲಿ, ಆಹಾರದ ಮೇಲಿನ ಗಡಿ ತಪಾಸಣೆ ಇಳಿಸುವ ಒಪ್ಪಂದಕ್ಕೆ ಪ್ರಯತ್ನಿಸೋಣ ಅಂತ ಬ್ರಿಟನ್, ಒಕ್ಕೂಟ ಎರಡೂ ಕಡೆಯವರು ಒಪ್ಪಿದರು. ಅದು ಎಳೆದಾಡದಂತೆ ಪಾರ್ಲಿಮೆಂಟಿನಲ್ಲಿ ದನಿ ಎತ್ತಿ. ಮನೆಯಿಂದ ಮನೆಗೆ ಹೋಗುವ ಪಾರ್ಸೆಲ್ಲನ್ನೂ ಮರೆಯಬೇಡಿ. ಬಿಡೋಣ ಅಂದವರೇ ಇದನ್ನು ಕೇಳುತ್ತಿದ್ದಾರೆ ಅಂತಲೂ ಅಲ್ಲಿ ಹೇಳಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ