ಹಳೆಯ ಹಾಕಿ ಚಿತ್ರಗಳ ಕೆಲಸದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ನಾಪೋಕ್ಲು, ಕೊಡಗು

ಮಾನ್ಯ ಗ್ರಾಹಕರೇ,

ಈ ವರ್ಷದ ಕೈಲ್‌ಪೊಳ್ದ್ ಹಬ್ಬ ಕಳೆದ ಮರುದಿನದಿಂದ ನಮ್ಮ ಸ್ಟುಡಿಯೊ ಮತ್ತು ಮುದ್ರಣಾಲಯದಲ್ಲಿ ಹಳೆಯ ಹಾಕಿ ಆಟಗಾರರ ಚಿತ್ರವನ್ನು ಪೂರ್ತಿ ಹೆಸರಿಲ್ಲದೆ ಮುದ್ರಿಸುವುದಿಲ್ಲ. ಬ್ಯಾನರ್, ಸ್ಮರಣ ಸಂಚಿಕೆಯ ಪುಟ, ಸನ್ಮಾನ ಪತ್ರ, ಗೋಡೆಯ ಫ್ರೇಮ್, ಎಲ್ಲದಕ್ಕೂ ಇದೇ ನಿಯಮ. ಇಂತಹ ಕೆಲಸಗಳನ್ನು ಕೊಡವ ಕುಟುಂಬಗಳ ಹಾಕಿ ಟೂರ್ನಿ ಆರಂಭವಾಗುವುದಕ್ಕೆ ಮೂರು ವಾರ ಮುಂಚೆಯೇ ಕೊಡಬೇಕು. ಆಮೇಲೆ ಬಂದದ್ದು ಮುಂದಿನ ವರ್ಷಕ್ಕೆ. ಫ್ರೇಮಿನ ದರ ಸುಮಾರು ಮೂರನೇ ಒಂದು ಭಾಗದಷ್ಟು ಏರುತ್ತದೆ. ಹಳೆಯ ಚಿತ್ರಗಳಿಗೆ ಲ್ಯಾಮಿನೇಶನ್ ಮಾಡುವುದನ್ನು ಪೂರ್ತಿ ನಿಲ್ಲಿಸುತ್ತಿದ್ದೇವೆ. ಇಷ್ಟು ಕಹಿ ಸುದ್ದಿಯ ಜೊತೆಗೆ ಒಂದು ಸಿಹಿಯೂ ಇದೆ: ಹಾಕಿಗೆ ಸಂಬಂಧಿಸಿದ ಹಳೆಯ ಚಿತ್ರಗಳನ್ನು ಇನ್ನು ಮುಂದೆ ಹಣ ಪಡೆಯದೆ ಸ್ಕ್ಯಾನ್ ಮಾಡಿಕೊಡುತ್ತೇವೆ.

ಹೆಸರಿನ ವಿಷಯವನ್ನು ಮೊದಲು ಹೇಳುತ್ತೇವೆ. ಆಕ್ಷೇಪ ಬರುವುದು ಅಲ್ಲಿಂದಲೇ ಎಂದು ನಮಗೆ ಗೊತ್ತು.

ಹಾಕಿ ನಮ್ಮೆಗೆ, ಅಂದರೆ ಆ ಟೂರ್ನಿಯ ಹಬ್ಬಕ್ಕೆ, ಇನ್ನೆರಡು ದಿನ ಇರುವಾಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಬರುತ್ತದೆ. ಗೋಡೆಯ ಮೇಲೆ ನೇತಾಡುತ್ತಿದ್ದ ಫ್ರೇಮನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿದ್ದು. ಗಾಜಿನಲ್ಲಿ ಕಿಟಕಿಯ ಬೆಳಕು, ತೆಗೆದವರ ಕೈ ಎಲ್ಲವೂ ಮೂಡಿರುತ್ತದೆ. ಕೆಳಗೆ ಒಂದು ಸಾಲು: ‘ನಮ್ಮ ಅಜ್ಜ, ಮೈಸೂರು ಟೀಮ್, ಎಡಗಡೆಯಿಂದ ಮೂರನೆಯವರು, ದಂತಕಥೆ ಎಂದು ದೊಡ್ಡದಾಗಿ ಹಾಕಿ.’ ಅಜ್ಜನ ಹೆಸರೇನು ಎಂದು ಕೇಳಿದರೆ ಎರಡು ಇನಿಷಿಯಲ್ ಮತ್ತು ಒಂದು ಹೆಸರು ಬರುತ್ತದೆ. ಉಳಿದ ಹತ್ತು ಮಂದಿ ಯಾರು ಎಂಬ ಪ್ರಶ್ನೆಗೆ ಉತ್ತರವೇ ಬರುವುದಿಲ್ಲ. ಆ ಹತ್ತು ಮಂದಿಗೂ ಮೊಮ್ಮಕ್ಕಳಿದ್ದಾರೆ, ಅವರೂ ಅದೇ ಮೈದಾನದ ಗ್ಯಾಲರಿಯಲ್ಲಿ ಕುಳಿತಿರುತ್ತಾರೆ.

ಕೊಡಗಿನಲ್ಲಿ ಇನಿಷಿಯಲ್ ಸಾಕಾಗುವುದಿಲ್ಲ. ನಮ್ಮಲ್ಲಿ ಮೊದಲ ಅಕ್ಷರದೊಳಗೆ ಒಂದು ಒಕ್ಕವೇ, ಅಂದರೆ ಕೊಡವ ಮನೆತನವೇ, ಅಡಗಿರುತ್ತದೆ. ‘ಕೆ’ ಎಂದರೆ ಕುಲ್ಲೇಟಿರವೂ ಆದೀತು, ಕುಂಡ್ಯೋಳಂಡವೂ ಆದೀತು, ಕೊಡಂದೇರವೂ ಆದೀತು. ಎಂ.ಎಂ. ಸೋಮಯ್ಯ ಎಂದಾಗ ಇಡೀ ದೇಶಕ್ಕೆ ಗೊತ್ತಾಗುತ್ತದೆ: 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, 1988ರಲ್ಲಿ ಸೋಲ್‌ನಲ್ಲಿ ತಂಡದ ನಾಯಕರಾಗಿದ್ದವರು. ಆದರೆ ಅವರ ಹೆಸರಿನ ಮೊದಲ ‘ಎಂ’ ಮನೆಯಪಂಡ ಎಂಬುದು ಕೊಡಗಿನಾಚೆ ಎಷ್ಟು ಮಂದಿಗೆ ಗೊತ್ತು? 1973ರ ವಿಶ್ವಕಪ್‌ನಲ್ಲಿ ಭಾರತ ಬೆಳ್ಳಿ ಗೆದ್ದಾಗ ನಾಯಕರಾಗಿದ್ದ ಎಂ.ಪಿ. ಗಣೇಶ್ ಅವರ ‘ಎಂ’ ಬೇರೆ, ಅದು ಮೊಳ್ಳೇರ. ಲಂಡನ್ ಮತ್ತು ರಿಯೊ ಒಲಿಂಪಿಕ್ಸ್ ಎರಡರಲ್ಲೂ ಆಡಿದ ಎಸ್.ವಿ. ಸುನಿಲ್ ಮತ್ತು ಎಸ್.ಕೆ. ಉತ್ತಪ್ಪ ಅವರನ್ನೇ ನೋಡಿ. ಒಬ್ಬರ ‘ಎಸ್’ ಸೋಮವಾರಪೇಟೆ ಎಂಬ ಊರು, ಇನ್ನೊಬ್ಬರ ‘ಎಸ್’ ಸಣ್ಣುವಂಡ ಎಂಬ ಮನೆತನ. ಒಲಿಂಪಿಕ್ಸ್ ಆಡಿದವರ ವಿವರವನ್ನು ಎಲ್ಲಾದರೂ ಹುಡುಕಿ ತೆಗೆಯಬಹುದು. ಜಿಲ್ಲಾ ತಂಡಕ್ಕೆ, ರೆಜಿಮೆಂಟಿಗೆ, ಕಾಲೇಜಿಗೆ ಆಡಿ ಊರಿಗೆ ಮರಳಿ ತೋಟ ನೋಡಿಕೊಂಡವರ ಇನಿಷಿಯಲ್ ಬಿಡಿಸಿ ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅವರು ಇರುವಾಗಲೇ ಕೇಳಬೇಕು.

ಹಾಗಾಗಿ ಆರ್ಡರ್ ಫಾರಂಗೆ ಒಂದು ಹಾಳೆ ಸೇರಿಸಿದ್ದೇವೆ. ಒಕ್ಕ ಅಥವಾ ಮನೆತನದ ಹೆಸರು, ತಂದೆಯ ಹೆಸರು, ಸ್ವಂತ ಹೆಸರು, ಊರು, ಯಾವ ತಂಡ, ಯಾವ ವರ್ಷ, ಯಾವ ಮೈದಾನ, ಮತ್ತು ಈ ವಿವರ ಹೇಳಿದವರು ಯಾರು. ಕೊನೆಯದನ್ನು ಕಡ್ಡಾಯವಾಗಿ ತುಂಬಿಸಿ. ವರ್ಷ ನಿಖರವಾಗಿ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ, ಖಾಲಿ ಬಿಡಿ; ಖಾಲಿ ಜಾಗವನ್ನು ನಾಳೆ ಯಾರಾದರೂ ತುಂಬಿಸಿಯಾರು, ತಪ್ಪು ವರ್ಷವನ್ನು ಯಾರೂ ಅಳಿಸುವುದಿಲ್ಲ.

ಮಹಿಳೆಯರ ಹೆಸರಿಗೆ ಎರಡು ಸಾಲು ಇಟ್ಟಿದ್ದೇವೆ. ಕೌಟುಂಬಿಕ ಹಾಕಿಯಲ್ಲಿ ಗಂಡಸರ ಜೊತೆಗೇ ಹೆಂಗಸರೂ ಮಕ್ಕಳೂ ಆಡುವುದು ನಮ್ಮ ಹೆಮ್ಮೆ ಎಂದು ಭಾಷಣದಲ್ಲಿ ಹೇಳುತ್ತೇವೆ. ಬ್ಯಾನರಿಗೆ ಬರುವಾಗ ಮಾತ್ರ ಅವರು ‘ಶ್ರೀಮತಿ’ ಮತ್ತು ಗಂಡನ ಹೆಸರಾಗಿಬಿಡುತ್ತಾರೆ. ಮದುವೆಗೆ ಮುಂಚೆ ತಾಮನೆಯ (ತವರಿನ) ಜೆರ್ಸಿ ತೊಟ್ಟು, ಆಮೇಲೆ ಗಂಡನ ಒಕ್ಕಕ್ಕೆ ಆಡಿದವರಿದ್ದಾರೆ. ಎರಡು ಮನೆಗಳ ಹೆಸರೂ ಇರಲಿ.

ಈ ಆಟದ ಚರಿತ್ರೆ ಬಹಳ ಹಳೆಯದೇನಲ್ಲ, ಆದರೆ ಈಗಲೇ ಕೈತಪ್ಪುತ್ತಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೌಟುಂಬಿಕ ಟೂರ್ನಿ ಆರಂಭಿಸಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲೇ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದವು. ಈಚಿನ ವರ್ಷಗಳ ಚಿತ್ರಗಳು ಬೇಕಾದಷ್ಟಿವೆ, ಪ್ರತಿ ಮೊಬೈಲಿನಲ್ಲೂ ಇವೆ. ಮೊದಲ ಕೆಲವು ವರ್ಷಗಳದ್ದು ರೀಲ್ ಕ್ಯಾಮೆರಾದ ಕಾಲ. ಮೂವತ್ತಾರು ಚಿತ್ರಗಳ ರೀಲಿನಲ್ಲಿ ಕಪ್ ಹಿಡಿದವರಿಗೆ ಹತ್ತು, ಮುಖ್ಯ ಅತಿಥಿಗೆ ಇಪ್ಪತ್ತು ಹೋಗುತ್ತಿತ್ತು, ಆಟಕ್ಕೆ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಸುಣ್ಣದ ಗೆರೆ ಎಳೆದವರು, ದಿನವಿಡೀ ಬಿಸಿಲಿನಲ್ಲಿ ಓಡಿದ ಅಂಪೈರ್‌ಗಳು, ಕೊಡವ ಭಾಷೆಯಲ್ಲಿ ವೀಕ್ಷಕ ವಿವರಣೆ ಕೊಟ್ಟು ಗ್ಯಾಲರಿಯನ್ನು ನಗಿಸಿದವರು ಯಾವ ರೀಲಿನಲ್ಲೂ ಸಿಗುವುದು ಕಷ್ಟ. ಅಂತಹ ಒಂದು ಚಿತ್ರ ನಿಮ್ಮಲ್ಲಿದ್ದರೆ, ಕಪ್ ಎತ್ತಿದ ಚಿತ್ರಕ್ಕಿಂತ ಮೊದಲು ಅದನ್ನು ತನ್ನಿ.

1997ಕ್ಕಿಂತ ಹಿಂದಿನದ್ದು ಇನ್ನೂ ಚದುರಿದೆ. ಅದು ಪಲ್ಟನ್ನಿನ ಗುಂಪು ಚಿತ್ರಗಳಲ್ಲಿ, ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿ, ತಗಡಿನ ಪೆಟ್ಟಿಗೆಗಳಲ್ಲಿ ಇದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ ಇಂದು ಸಂಗ್ರಹಾಲಯವಾಗಿದೆ, ಹೋದವರು ನೋಡಿ ಬರಬಹುದು. ನಮ್ಮ ಮೈದಾನಗಳ ಆಟಗಾರರಿಗೆ ಅಷ್ಟು ದೊಡ್ಡ ಮನೆ ಕಟ್ಟುವ ಶಕ್ತಿ ಒಂದು ಮುದ್ರಣಾಲಯಕ್ಕಿಲ್ಲ. ನಮ್ಮಲ್ಲಿರುವುದು ಒಂದು ಸ್ಕ್ಯಾನರ್, ಎರಡು ಹಾರ್ಡ್‌ಡಿಸ್ಕ್, ಮತ್ತು ಮುದ್ರಿಸುವುದಿಲ್ಲ ಎಂದು ಹೇಳುವ ಅಧಿಕಾರ.

ಆ ಅಧಿಕಾರವನ್ನು ಇನ್ನೊಂದು ಕಡೆಯೂ ಬಳಸುತ್ತೇವೆ. ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಹಾಕಿಕೊಡಿ, ಹರಿದ ಜೆರ್ಸಿಯನ್ನು ಹೊಸದಾಗಿಸಿ, ಹಿಂದೆ ನೀಲಿ ಟರ್ಫ್ (ಕೃತಕ ಹುಲ್ಲಿನ ಹಾಸು) ಇಡಿ ಎಂಬ ಬೇಡಿಕೆಗಳು ಹೆಚ್ಚುತ್ತಿವೆ. ಕಂಪ್ಯೂಟರಿನಲ್ಲಿ ಇವೆಲ್ಲ ನಿಮಿಷಗಳ ಕೆಲಸ. ಆದರೆ ಒಲಿಂಪಿಕ್ಸ್ ಹಾಕಿ ಕೃತಕ ಟರ್ಫ್‌ಗೆ ಬಂದದ್ದೇ 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಸೋಮವಾರಪೇಟೆಯ ಬಿ.ಪಿ. ಗೋವಿಂದ ಅವರು 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದ್ದು ಹುಲ್ಲಿನ ಮೇಲೆ. ಮರುವರ್ಷ ಮಾಂಟ್ರಿಯಲ್‌ನಲ್ಲಿ ಆಡಿದ್ದು ಟರ್ಫ್ ಮೇಲೆ. ಒಬ್ಬ ಆಟಗಾರನ ಕಾಲಡಿಯ ನೆಲವೇ ಒಂದು ವರ್ಷದಲ್ಲಿ ಬದಲಾಯಿತು. ನೀಲಿ ಟರ್ಫ್ ಒಲಿಂಪಿಕ್ಸ್‌ಗೆ ಬಂದದ್ದು 2012ರಲ್ಲಿ. 1960ರ ನಿಮ್ಮ ಅಜ್ಜನನ್ನು ಅದರ ಮೇಲೆ ನಿಲ್ಲಿಸಿದರೆ ಅವರು ಆಡಿದ ಉಬ್ಬುತಗ್ಗಿನ ನೆಲ, ಪುಟಿಯುವ ಚೆಂಡು, ಅದನ್ನು ಹಿಡಿತಕ್ಕೆ ತಂದ ಅವರ ಕೈಚಳಕ ಎಲ್ಲವನ್ನೂ ಅಳಿಸಿದಂತೆ.

ಇನ್ನೊಂದು ಕಾರಣವೂ ಇದೆ. ದಿನಾಂಕವಿಲ್ಲದ ಚಿತ್ರದ ಕಾಲವನ್ನು ನಾವು ಗುರುತಿಸುವುದೇ ಇಂತಹ ಚಿಲ್ಲರೆ ವಿವರಗಳಿಂದ. ಸ್ಟಿಕ್‌ನ ಬಾಗಿದ ತುದಿ ಎಷ್ಟು ಉದ್ದವಿದೆ, ಗೋಲ್‌ಕೀಪರ್ ಕಟ್ಟಿದ್ದು ಕ್ಯಾನ್‌ವಾಸ್ ಪ್ಯಾಡೋ ಫೋಮಿನದ್ದೋ, ಗೋಲಿನ ಹಿಂದೆ ಹಲಗೆ ಇದೆಯೋ ಬರೀ ಬಲೆಯೋ, ದೂರದಲ್ಲಿ ನಿಂತಿರುವ ಜೀಪು ಯಾವ ಮಾದರಿಯದು. ಹಿನ್ನೆಲೆ ಕತ್ತರಿಸಿದರೆ ಈ ಸಾಕ್ಷಿಗಳೆಲ್ಲ ಹೋದವು. ಆದ್ದರಿಂದ ಗೀರು, ಬೂಷ್ಟಿನ ಕಲೆ ತೆಗೆದುಕೊಡುತ್ತೇವೆ, ಅಷ್ಟೇ. ಬಣ್ಣ ಬೇಕೇ ಬೇಕು ಎನ್ನುವವರಿಗೆ ಮೂಲ ಚಿತ್ರವನ್ನು ಪಕ್ಕದಲ್ಲೇ ಅದೇ ಅಳತೆಯಲ್ಲಿ ಮುದ್ರಿಸಿ, ‘ಬಣ್ಣ ಹಾಕಿದ್ದು’ ಎಂದು ಕೆಳಗೆ ಬರೆದು ಕೊಡುತ್ತೇವೆ.

ಇನ್ನು ಫ್ರೇಮಿನ ದರ. ಕೊಡಗಿನ ಮಳೆಗೆ ಫೋಟೊದಷ್ಟು ಬೇಗ ಸೋಲುವ ವಸ್ತು ಇನ್ನೊಂದಿಲ್ಲ. ಚಿತ್ರದ ಮೇಲ್ಮೈಯಲ್ಲಿ ಜೆಲಟಿನ್ ಪದರವಿರುತ್ತದೆ. ಮಳೆಗಾಲದ ತೇವವನ್ನು ಅದು ಹೀರಿಕೊಂಡು ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಅದೇ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಹಿಂದೆ ಹೊಡೆದ ಅಗ್ಗದ ಹಾರ್ಡ್‌ಬೋರ್ಡ್‌ನಿಂದ ಆಮ್ಲ ಇಳಿದು ಕಾಗದ ಕಂದಾಗುತ್ತದೆ. ಇನ್ನು ಮೇಲೆ ಗಾಜಿಗೂ ಚಿತ್ರಕ್ಕೂ ನಡುವೆ ಅಂತರ ಬಿಡುವ ಮೌಂಟ್ ಮತ್ತು ಆಮ್ಲರಹಿತ ಬೋರ್ಡ್ ಬಳಸುತ್ತೇವೆ. ದರ ಏರಿದ್ದು ಆ ಎರಡು ಸಾಮಗ್ರಿಗಳಿಂದ. ಗೋಡೆಗೆ ನಕಲನ್ನು ಹಾಕಿ, ಮೂಲವನ್ನು ಬೀರುವಿನಲ್ಲಿಡಿ ಎಂಬುದು ನಮ್ಮ ಸಲಹೆ. ಆಗ ಸಾದಾ ಫ್ರೇಮೇ ಸಾಕು, ಅದಕ್ಕೆ ಹಳೆಯ ದರವೇ. ಲ್ಯಾಮಿನೇಶನ್ ಮಾಡಿದ ಮೂಲ ಚಿತ್ರವನ್ನು ಮತ್ತೆ ಬಿಡಿಸಲು ಸಾಧ್ಯವಿಲ್ಲ, ಬಿಸಿಗೆ ಆದ ಹಾನಿಯೂ ಹಿಂದಿರುಗುವುದಿಲ್ಲ. ಎಷ್ಟು ಕೊಟ್ಟರೂ ಆ ಕೆಲಸ ಮಾಡುವುದಿಲ್ಲ.

ಗಾಜಿಗೆ ಅಂಟಿದ ಚಿತ್ರವನ್ನು ದಯವಿಟ್ಟು ಮನೆಯಲ್ಲಿ ಎಳೆಯಬೇಡಿ. ಮುಖವೇ ಕಿತ್ತು ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ತನ್ನಿ, ಹಾಗೆಯೇ ಸ್ಕ್ಯಾನ್ ಮಾಡುತ್ತೇವೆ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್‌ಗಳಿಗೂ ಇದೇ ಮಾತು: ಆಲ್ಬಮನ್ನೇ ತನ್ನಿ. ನೆಗೆಟಿವ್‌ಗಳ ಡಬ್ಬ ತೆರೆದಾಗ ವಿನೆಗರ್ ವಾಸನೆ ಬಂದರೆ ಅವು ಕೆಡಲು ಆರಂಭಿಸಿವೆ ಎಂದರ್ಥ. ಬೇರೆಯವುಗಳಿಂದ ದೂರವಿಟ್ಟು ಬೇಗ ತನ್ನಿ. ಚಿತ್ರದ ಹಿಂದೆ ಬರೆಯುವುದಿದ್ದರೆ ಮೃದುವಾದ ಪೆನ್ಸಿಲ್ ಬಳಸಿ, ಬಾಲ್‌ಪೆನ್ ಒತ್ತಿದರೆ ಮುಂಭಾಗದಲ್ಲಿ ಗೀರು ಮೂಡುತ್ತದೆ. ಹಿಂಭಾಗದಲ್ಲಿ ಹಳೆಯ ಸ್ಟುಡಿಯೊದ ಮೊಹರು ಅಥವಾ ಕೈಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡುತ್ತೇವೆ.

ಉಚಿತ ಸ್ಕ್ಯಾನಿಂಗ್ ಪ್ರತಿ ಮಂಗಳವಾರ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಮೂಲವನ್ನು ಒಂದು ರಾತ್ರಿಯೂ ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ, ನೀವು ಕುಳಿತಿರುವಾಗಲೇ ಕೆಲಸ ಮುಗಿಸಿ ಕೈಗೆ ಕೊಡುತ್ತೇವೆ. ಪೆನ್‌ಡ್ರೈವ್ ತಂದರೆ ದೊಡ್ಡ ಕಡತವನ್ನೂ ಮೊಬೈಲಿಗೆ ಕಳುಹಿಸಬಹುದಾದ ಚಿಕ್ಕದನ್ನೂ ಹಾಕಿಕೊಡುತ್ತೇವೆ. ಒಂದು ಪ್ರತಿಯನ್ನು ನಾವು ಇಟ್ಟುಕೊಳ್ಳಬಹುದೇ ಎಂದು ಕೇಳುತ್ತೇವೆ. ಬೇಡವೆಂದರೆ ನಿಮ್ಮ ಎದುರೇ ಅಳಿಸುತ್ತೇವೆ, ಬೇಸರವಿಲ್ಲ. ಒಪ್ಪಿ ಸಹಿ ಮಾಡಿದರೂ ನಿಮ್ಮನ್ನು ಕೇಳದೆ ಬೇರೆಯವರಿಗೆ ಕೊಡುವುದಿಲ್ಲ, ಫೇಸ್‌ಬುಕ್‌ಗೆ ಹಾಕುವುದಿಲ್ಲ. 2018ರ ಆಗಸ್ಟ್‌ನಲ್ಲಿ ಬೆಟ್ಟ ಜರಿದಾಗ ಮನೆ ಕಳೆದುಕೊಂಡವರ ಜೊತೆ ಮಾತಾಡಿದವರಿಗೆ ಎರಡನೆಯ ಪ್ರತಿ ಬೇರೊಂದು ಊರಿನಲ್ಲಿ ಏಕಿರಬೇಕು ಎಂದು ವಿವರಿಸಬೇಕಾಗಿಲ್ಲ. ನಮ್ಮ ಎರಡನೆಯ ಹಾರ್ಡ್‌ಡಿಸ್ಕ್ ಇರುವುದು ಮೈಸೂರಿನಲ್ಲಿ.

ಇದು ಕೊಡವ ಒಕ್ಕಗಳಿಗೆ ಮಾತ್ರ ಮೀಸಲಾದ ಸೌಲಭ್ಯವಲ್ಲ. ಜಿಲ್ಲೆಯ ಮೈದಾನಗಳಲ್ಲಿ ಹಾಕಿ ಆಡಿದ ಯಾರದೇ ಚಿತ್ರವಾದರೂ ಸರಿ. ಗೌಡ ಕುಟುಂಬಗಳ ಕ್ರಿಕೆಟ್ ಟೂರ್ನಿಯ ಚಿತ್ರಗಳನ್ನೂ ತರಬಹುದೇ ಎಂದು ಈಗಾಗಲೇ ಕೇಳಿದ್ದಾರೆ. ತರಬಹುದು, ಆದರೆ ಈ ವರ್ಷ ಹಾಕಿ ಮುಗಿಯಲಿ.

ಹೆಸರು ಗೊತ್ತಿಲ್ಲದ ಗುಂಪು ಚಿತ್ರಗಳಿಗೆ ಒಂದು ದಾರಿ ಮಾಡಿದ್ದೇವೆ. ಚಿತ್ರವನ್ನು ದೊಡ್ಡದಾಗಿ ಸಾದಾ ಕಾಗದದಲ್ಲಿ ಮುದ್ರಿಸಿ, ಪ್ರತಿ ತಲೆಯ ಮೇಲೂ ಸಂಖ್ಯೆ ಹಾಕಿ, ಕೆಳಗೆ ಖಾಲಿ ಗೆರೆಗಳನ್ನು ಬಿಟ್ಟು ಕೊಡುತ್ತೇವೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆಯಲ್ಲಿ) ಸೇರಿದಾಗ ಅದನ್ನು ಒಕ್ಕದ ಹಿರಿಯರಾದ ಪಟ್ಟೆದಾರರ ಮುಂದೆ, ಅಜ್ಜಿಯರ ಮುಂದೆ ಇಡಿ. ಗಂಡಸರು ಸ್ಕೋರ್ ನೆನಪಿಟ್ಟುಕೊಂಡಿರುತ್ತಾರೆ. ಯಾರು ಯಾರ ಮಗ, ಯಾವ ವರ್ಷ ಯಾರ ಮದುವೆಯಾಗಿತ್ತು ಎಂಬುದು ಅಜ್ಜಿಯರಿಗೆ ಗೊತ್ತಿರುತ್ತದೆ, ಚಿತ್ರದ ವರ್ಷ ಹಿಡಿಯಲು ನಮಗೆ ಬೇಕಾದದ್ದು ಅದೇ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆದು ತನ್ನಿ. ಜಗಳವನ್ನು ಅಲ್ಲೇ ಬಗೆಹರಿಸಬೇಕೆಂದಿಲ್ಲ.

ಕೈಲ್‌ಪೊಳ್ದ್‌ಗೆ ಮುಂಚೆ ಮುಂಗಡ ಕೊಟ್ಟವರಿಗೆ ಫ್ರೇಮಿನ ಹಳೆಯ ದರವೇ ಅನ್ವಯಿಸುತ್ತದೆ, ಸಾಮಗ್ರಿ ಮಾತ್ರ ಹೊಸದು. ಹೆಸರಿನ ಹಾಳೆಯನ್ನು ಅವರೂ ತುಂಬಿಸಿ ಕೊಡಬೇಕು. ಅಂಗಡಿಗೆ ಬರಲಾಗದವರು ಶನಿವಾರದ ಒಳಗೆ ತಿಳಿಸಿದರೆ ಹಾಳೆಯನ್ನು ಬಸ್ಸಿನಲ್ಲಿ ಕಳುಹಿಸಿಕೊಡುತ್ತೇವೆ.

ಇಂತಿ,
ಸ್ಟುಡಿಯೊ ಮತ್ತು ಮುದ್ರಣಾಲಯದ ಮಾಲೀಕರು ಹಾಗೂ ಕೆಲಸಗಾರರು