ಕೆಡವುವ ಮುನ್ನ ಅಳತೆಯಾದರೂ ತೆಗೆದಿಡಿ

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ ನಿಜಾಮರ ಕಾಲದ ವಾಡೆಯೋ ಕಚೇರಿಯೋ ಉರುಳಿದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು ಕಲ್ಲನ್ನೂ ಮುಟ್ಟಬಾರದಿತ್ತು ಎನ್ನುವವರು ಕೆಲವರು. ಸೋರುವ ಮಾಳಿಗೆ ಇಟ್ಟುಕೊಂಡು ಏನು ಮಾಡಬೇಕಿತ್ತು ಎನ್ನುವವರು ಇನ್ನು ಕೆಲವರು. ಈ ವಾದ ಶುರುವಾಗುವಷ್ಟರಲ್ಲಿ ಜೆಸಿಬಿ ತನ್ನ ಕೆಲಸ ಮುಗಿಸಿರುತ್ತದೆ. ಕೆಡವುವುದು ಅನಿವಾರ್ಯವೇ ಆದರೂ ಅದಕ್ಕೆ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಸಿವಿಲ್ ಎಂಜಿನಿಯರ್ ಆಗಿ ದುಡಿದವನಾದ್ದರಿಂದ ಅದನ್ನು ಒಂದು ಕಟ್ಟಡದ ಕಥೆಯ ಮೂಲಕವೇ ಹೇಳುತ್ತೇನೆ.

ಅದು ಟೋಕಿಯೊದ ಇಂಪೀರಿಯಲ್ ಹೋಟೆಲ್. ವಿದೇಶಿ ಗಣ್ಯರನ್ನು ಇಳಿಸಿಕೊಳ್ಳಲು ಜಪಾನ್ 1890ರಲ್ಲಿ ಅರಮನೆಯ ಸಮೀಪ ಮೊದಲ ಹೋಟೆಲನ್ನು ತೆರೆಯಿತು. ಅದು ಸಾಲದೆ ಬಂದಾಗ ಹೊಸದನ್ನು ಕಟ್ಟುವ ಹೊಣೆ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರಿಗೆ ಬಂತು. ಕೆಲಸ ನಡೆಯುತ್ತಿರುವಾಗಲೇ, 1922ರಲ್ಲಿ, ಹಳೆಯ ಹೋಟೆಲ್ ಸುಟ್ಟುಹೋಯಿತು. ಖರ್ಚು ಮಿತಿ ಮೀರಿತೆಂಬ ತಕರಾರಿನ ನಡುವೆ ರೈಟ್ ಅದೇ ವರ್ಷ ಜಪಾನ್ ಬಿಟ್ಟರು. ಉಳಿದ ಕೆಲಸವನ್ನು ಮುಗಿಸಿದವರು ಅವರ ಜಪಾನಿ ಸಹಾಯಕ ಅರಾತಾ ಎಂಡೊ. ಈ ಹೋಟೆಲಿನ ಮಾತು ಬಂದಾಗ ಎಂಡೊ ಅವರ ಹೆಸರನ್ನು ಯಾರೂ ಹೇಳುವುದಿಲ್ಲ, ಹೇಳಬೇಕು.

ಕಲಬುರಗಿಯವನಾದ ನನ್ನನ್ನು ಆ ಕಟ್ಟಡದಲ್ಲಿ ಹಿಡಿದು ನಿಲ್ಲಿಸಿದ್ದು ಅದರ ಕಲ್ಲು. ರೈಟ್ ಅಮೃತಶಿಲೆ ತರಿಸಲಿಲ್ಲ. ತೊಚಿಗಿ ಪ್ರಾಂತ್ಯದ ಓಯಾ ಎಂಬ ಕಲ್ಲನ್ನು ಆರಿಸಿಕೊಂಡರು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಹಗುರವಾದ, ಮೆತ್ತನೆಯ ಕಲ್ಲು ಅದು. ದೊರೆಗಳು ಇಳಿಯುವ ಹೋಟೆಲಿಗೆ ಈ ಸಾಮಾನ್ಯ ಕಲ್ಲೇ ಎಂಬ ಆಕ್ಷೇಪ ಬಂದಿತ್ತೆಂದು ಅವರೇ ಬರೆದುಕೊಂಡಿದ್ದಾರೆ. ಅವರು ಹಟ ಬಿಡಲಿಲ್ಲ. ಆ ಕಲ್ಲನ್ನು ಕಂಬಗಳಲ್ಲಿ, ತೊಲೆಯ ತುದಿಗಳಲ್ಲಿ, ದೀಪದ ಗೂಡುಗಳಲ್ಲಿ ಜ್ಯಾಮಿತಿಯ ಚಿತ್ತಾರಗಳಾಗಿ ಕೆತ್ತಿಸಿದರು. ಪಕ್ಕದಲ್ಲಿ ಗೀರು ಹಾಕಿದ ಹಳದಿ ಇಟ್ಟಿಗೆಗಳನ್ನು ಕೂರಿಸಿದರು. ನಮ್ಮ ಶಹಾಬಾದ್ ಫರಸಿಯ ಪಾಡು ನೆನಪಾಗುವುದಿಲ್ಲವೇ? ಭೀಮಾ ಕೊಳ್ಳದ ಈ ಸುಣ್ಣದ ಕಲ್ಲು ತಲೆಮಾರುಗಳಿಂದ ನಮ್ಮ ಪಡಸಾಲೆ, ಮೆಟ್ಟಿಲು, ಅಂಗಳಗಳನ್ನು ಹೊತ್ತಿದೆ. ಬಿಸಿಲಿನ ಈ ನಾಡಿನಲ್ಲಿ ಪಾದಕ್ಕೆ ತಂಪು ಕೊಡುತ್ತದೆ. ಈಗ ಅದರ ಮೇಲೆಯೇ ಹೊಳೆಯುವ ಟೈಲ್ಸ್ ಅಂಟಿಸುತ್ತಿದ್ದೇವೆ. ನಮ್ಮ ನೆಲದಡಿಯ ಕಲ್ಲಿಗೆ ನಾವೇ ಬೆಲೆ ಕೊಡದಿರುವುದು ನನಗೆ ಸಹಿಸಲಾಗದ ಸಂಗತಿ.

ಅಲ್ಲಿನ ನೆಲವೂ ಸುಲಭದ್ದಲ್ಲ. ಮೇಲೆ ಕೆಲವೇ ಅಡಿ ಗಟ್ಟಿ ಮಣ್ಣು, ಕೆಳಗೆ ಬಹಳ ಆಳದವರೆಗೆ ಕೆಸರು. ರೈಟ್ ಆಳಕ್ಕೆ ಇಳಿಯದೆ, ಒತ್ತೊತ್ತಾಗಿ ಚಿಕ್ಕ ಕಾಂಕ್ರೀಟ್ ಗೂಟಗಳನ್ನು ಇಳಿಸಿ ಕಟ್ಟಡ ಕೆಸರಿನ ಮೇಲೆ ತೇಲುವಂತೆ ಮಾಡಿದರು. ಉದ್ದನೆಯ ಕಟ್ಟಡವನ್ನು ಭಾಗಗಳಾಗಿ ಒಡೆದು ನಡುವೆ ಸಂದು ಬಿಟ್ಟರು. ಪರಿಚಾರಕ ಬೆರಳ ತುದಿಗಳ ಮೇಲೆ ತಟ್ಟೆ ಎತ್ತಿ ಹಿಡಿಯುವಂತೆ, ನಡುವಿನ ಆಧಾರದಿಂದ ಎರಡೂ ಕಡೆ ಚಾಚುವ ಅಂತಸ್ತುಗಳನ್ನು ಕಟ್ಟಿದರು. ಎರೆಮಣ್ಣಿನ ಮೇಲೆ ಮನೆ ಕಟ್ಟಿ, ಮಳೆಗಾಲಕ್ಕೆ ಉಬ್ಬುವ, ಬೇಸಿಗೆಗೆ ಬಿರಿಯುವ ನೆಲದೊಡನೆ ಹೆಣಗಿದ ನಮ್ಮ ಗೌಂಡಿಗಳಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಟೆಲಿನ ಉದ್ಘಾಟನೆ ಇದ್ದದ್ದು 1923ರ ಸೆಪ್ಟೆಂಬರ್ 1ರಂದು. ಅಂದು ನಡುಹಗಲು ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಕಾಂಟೊ ಮಹಾಭೂಕಂಪ ಬಡಿಯಿತು. ಟೋಕಿಯೊ, ಯೊಕೊಹಾಮಾಗಳು ಕುಸಿದು, ಹೊತ್ತಿ ಉರಿದವು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಹೋಟೆಲ್ ನಿಂತಿತು. ಮುಂದೆ ಕಟ್ಟಿದ್ದ ಕೊಳದ ನೀರು ಬೆಂಕಿಯನ್ನು ತಡೆಯಲು ನೆರವಾಯಿತು. ಚೂರೂ ಪೆಟ್ಟಾಗದೆ ನಿಂತಿದೆ ಎಂಬ ತಂತಿ ರೈಟ್ ಅವರಿಗೆ ತಲುಪಿ ಅವರ ಕೀರ್ತಿ ಹಬ್ಬಿತು. ನಿಜ ಅಷ್ಟು ಸರಳವಲ್ಲ. ನೆಲ ಉಬ್ಬಿತ್ತು, ಕಟ್ಟಡದ ನಡುಭಾಗ ತಗ್ಗಿತ್ತು, ಟೋಕಿಯೊದಲ್ಲಿ ಇದಕ್ಕಿಂತ ಚೆನ್ನಾಗಿ ತಾಳಿಕೊಂಡ ಕಟ್ಟಡಗಳೂ ಇದ್ದವು. ಆದರೂ ನಿಂತದ್ದು ಸಣ್ಣ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿದಾಗ ಆಳಂದ, ಬೀದರ್ ಕಡೆಯ ಜನ ಹೊರಗೆ ಓಡಿದವರೇ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದದ್ದನ್ನು ಕೇಳಿದ ನಮಗೆ, ಕಟ್ಟಡ ನಿಲ್ಲುವುದೆಂದರೆ ಏನೆಂದು ಗೊತ್ತಿದೆ.

ಭೂಕಂಪ ಉರುಳಿಸದ್ದನ್ನು ಭೂಮಿಯ ಬೆಲೆ ಉರುಳಿಸಿತು. 1945ರ ಬಾಂಬ್ ದಾಳಿಯಲ್ಲಿ ಒಂದು ಪಾರ್ಶ್ವ ಸುಟ್ಟಿತು. ಯುದ್ಧಾನಂತರ ಅಮೆರಿಕದ ಸೇನೆ ಕೆಲವು ವರ್ಷ ಅದನ್ನು ಇಟ್ಟುಕೊಂಡಿತು. ತೇಲುವ ತಳಪಾಯ ಒಂದೊಂದು ಕಡೆ ಒಂದೊಂದು ಬಗೆಯಾಗಿ ಕುಸಿಯುತ್ತ ಹೋಯಿತು, ಮೆತ್ತನೆಯ ಓಯಾ ಕಲ್ಲು ಸವೆಯಿತು. ಅಂಥ ದುಬಾರಿ ಜಾಗದಲ್ಲಿ ತಗ್ಗಾದ ಕಟ್ಟಡ ಲಾಭ ತರುವುದಿಲ್ಲವೆಂದು ಮಾಲೀಕರು ಲೆಕ್ಕ ಹಾಕಿದರು. ಜಗತ್ತಿನ ನಾನಾ ಕಡೆಯಿಂದ ವಿರೋಧ ಬಂದರೂ 1967ರ ಕೊನೆಗೆ ಬಾಗಿಲು ಮುಚ್ಚಿ, 1968ರ ಹೊತ್ತಿಗೆ ಕೆಡವಿಬಿಟ್ಟರು. 1970ರಲ್ಲಿ ಅಲ್ಲಿ ಹದಿನೇಳು ಅಂತಸ್ತಿನ ಕಟ್ಟಡ ಎದ್ದಿತು. ಈಗ ಅದನ್ನೂ ಕೆಡವಿ ಕಟ್ಟುವ ಯೋಜನೆ 2021ರಲ್ಲಿ ಪ್ರಕಟವಾಗಿದೆ.

ಇನ್ನು ನಾನು ಹೇಳಬೇಕೆಂದಿದ್ದ ಸಂಗತಿ. ಅವರು ಇಡೀ ಹೋಟೆಲನ್ನು ಹೊಂಡಕ್ಕೆ ಸುರಿಯಲಿಲ್ಲ. ನಗೋಯಾ ಬಳಿಯ ಇನುಯಾಮಾದಲ್ಲಿ ಮೇಜಿ ಮುರಾ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. ಎಲ್ಲೆಲ್ಲೋ ಕೆಡವಲಿದ್ದ ಹಳೆಯ ಕಟ್ಟಡಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟುವ ಜಾಗ ಅದು, 1965ರಲ್ಲಿ ಆರಂಭವಾದದ್ದು. ಹೋಟೆಲಿನ ಮುಂಭಾಗವನ್ನೂ ಪ್ರವೇಶದ ಸಭಾಂಗಣವನ್ನೂ ಅಲ್ಲಿಗೆ ಒಯ್ದರು. ಹೊರಭಾಗ ಮುಗಿಯಲು 1976 ಆಯಿತು, ಒಳಭಾಗಕ್ಕೆ 1985. ಸವೆದ ಕಲ್ಲಿನ ಜಾಗದಲ್ಲಿ ಬೇರೆ ಸಾಮಗ್ರಿ ಹಾಕಬೇಕಾಯಿತು. ಆದರೂ ಇಂದು ಅಲ್ಲಿಗೆ ಹೋದವರು ಆ ಸಭಾಂಗಣದ ಒಳಗೆ ನಿಲ್ಲಬಹುದು. ನ್ಯೂಯಾರ್ಕಿನ ಮೊದಲ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿಗೆ ಈ ಭಾಗ್ಯ ಸಿಗಲಿಲ್ಲ. 1929ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡಕ್ಕಾಗಿ ಅದನ್ನು ಒಡೆದು, ಅವಶೇಷದ ಬಹುಭಾಗವನ್ನು ಸಮುದ್ರಕ್ಕೆ ಸುರಿದರು.

ನಾವು ಈಗ ಹಿಡಿದಿರುವುದು ನ್ಯೂಯಾರ್ಕಿನ ದಾರಿ. ಬಹಮನಿ ಕೋಟೆಗೆ, 1367ರ ಜಾಮಾ ಮಸೀದಿಗೆ, ಬೀದರಿನ ಗವಾನ್ ಮದರಸಾಕ್ಕೆ ಪುರಾತತ್ವ ಇಲಾಖೆಯ ಕಾವಲಿದೆ. ಅವುಗಳಿಗೂ ನಮ್ಮ ಕಾಂಕ್ರೀಟ್ ಮನೆಗಳಿಗೂ ನಡುವಿನ ಕಾಲದ ವಾಡೆಗಳು, ಶಾಲೆಗಳು, ಮುಸಾಫಿರಖಾನೆಗಳು, ಗಿರಣಿಗಳು ಯಾವ ಪಟ್ಟಿಯಲ್ಲೂ ಸೇರದೆ ಅನಾಥವಾಗಿವೆ. 1956ರವರೆಗೆ ನಮ್ಮ ಆಡಳಿತದ ಕೇಂದ್ರ ಹೈದರಾಬಾದ್. ಆ ಕಾಲದ ಕಡತಗಳನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು, ಉರ್ದುವನ್ನೂ ಬಲ್ಲವರಾಗಿರಬೇಕು. ಕಟ್ಟಡವೂ ಹೋದರೆ ಇಲ್ಲಿನ ಮಕ್ಕಳಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಮೇಜಿ ಮುರಾದಂಥದ್ದನ್ನು ನಾಳೆಯೇ ಕಟ್ಟಿರೆಂದು ನಾನು ಕೇಳುತ್ತಿಲ್ಲ. ಕೆಡವಲು ಪರವಾನಗಿ ಕೊಡುವಾಗ ಒಂದು ಷರತ್ತು ಸೇರಿಸಿ: ಎಪ್ಪತ್ತೈದು ವರ್ಷ ದಾಟಿದ ಕಟ್ಟಡವಾದರೆ ನೆಲದ ನಕ್ಷೆ, ಮುಂಭಾಗದ ಅಳತೆ ಚಿತ್ರ ಮತ್ತು ಛಾಯಾಚಿತ್ರಗಳು ಪಾಲಿಕೆಗೆ ಸೇರಿದ ಮೇಲೆಯೇ ಯಂತ್ರ ಬರಬೇಕು. ಕೆತ್ತನೆಯ ಒಂದು ದರವಾಜೆ, ಒಂದು ಕಂಬ, ಕಟ್ಟಿದ ವರ್ಷ ಬರೆದ ಕಲ್ಲು ಇದ್ದರೆ ಅದು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ನಮ್ಮ ಭಾಗದ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಈ ಅಳತೆಯ ಕೆಲಸ ಮಾಡಬಲ್ಲರು. ಅವರಿಗೆ ಪಾಠವೂ ಆಗುತ್ತದೆ, ಮಾಲೀಕರಿಗೆ ದೊಡ್ಡ ಹೊರೆಯೂ ಆಗುವುದಿಲ್ಲ.

ಮಹಾನಗರ ಪಾಲಿಕೆಯ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನು ಚರ್ಚೆಗೆ ತರಬೇಕೆಂದು ಕೋರುತ್ತೇನೆ. ಟೇಪು ಹಿಡಿದು ಹಳೆಯ ಗೋಡೆಯ ಅಳತೆ ತೆಗೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ನಾನು ಸಂಬಳವಿಲ್ಲದೆ ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್, ಕಲಬುರಗಿ