ಕಿಲಿವಿಕ್ ಕೆಲಸ ಪಿಂಗಾಣಿಯಲ್ಲ

ಮಾನ್ಯರೇ,

ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಶಿಲ್ಪಿ ರೆನೆ ಕಿಲಿವಿಕ್ (1879–1969) ಕೆಂಪೇರ್‌ನ ಎಚ್‌ಬಿ ಕುಂಬಾರಿಕೆ ಕಾರ್ಖಾನೆಗಾಗಿ ರೂಪಿಸಿದ ಫಾಯಾನ್ಸ್ ವಸ್ತುಗಳನ್ನು ‘ಪಿಂಗಾಣಿ’ ಎನ್ನುವುದು ತಪ್ಪು. ಫಾಯಾನ್ಸ್ ಎಂದರೆ ತವರದ ಬಿಳಿ ಮೆರುಗು (ಗಾಜಿನಂಥ ಲೇಪ) ಹೊದ್ದ ಸಾದಾ ಜೇಡಿಮಣ್ಣು.

ಪ್ಲುಯಿನೆಕ್‌ನಲ್ಲಿ ಹುಟ್ಟಿದ ಈತ ಮೊದಲು ಬಡಗಿ, ಆಮೇಲೆ ಪ್ಯಾರಿಸ್‌ನಲ್ಲಿ ಶಿಲ್ಪ ಕಲಿತವರು. ಪ್ಲೋಜೆವೆಯ ಯುದ್ಧಸ್ಮಾರಕ ಅವರದೇ: ನಿಲಿಸುಗಲ್ಲಿನ ಪಕ್ಕ ತಲೆ ತಗ್ಗಿಸಿ ನಿಂತ ಮುದಿ ರೈತ. ಫಾಯಾನ್ಸ್‌ಗೆ ಅವರು ತಂದದ್ದು ಬ್ರಿಟನಿಯದೇ ಬಿಗೂಡೆನ್ ಸೀಮೆಯ ಉಡುಪಿನ ಕಸೂತಿ.

ಆ ಕಸೂತಿಯನ್ನು ತಟ್ಟೆಗಿಳಿಸುವುದು ಸುಲಭವಲ್ಲ. ಮಣ್ಣನ್ನು ಸುಮಾರು 1,000 ಡಿಗ್ರಿಗೆ ಒಮ್ಮೆ ಸುಟ್ಟು, ಮೆರುಗಿನಲ್ಲಿ ಅದ್ದಿ ಒಣಗಿಸಿದರೆ ಮೈ ಸುಣ್ಣದ ಪುಡಿಯಂತೆ ಇರುತ್ತದೆ. ಕುಂಚ ತಾಗಿದೊಡನೆ ಬಣ್ಣ ಹೀರಿಬಿಡುತ್ತದೆ. ಒರೆಸಿ ತಿದ್ದಲು ಹೋದರೆ ಮೆರುಗೇ ಎದ್ದು ಬರುತ್ತದೆ. ಆಮೇಲೆ ಎರಡನೇ ಸಲ ಆವಿಗೆಗೆ. ಅದ್ದುವಾಗ ಧೂಳೋ ಎಣ್ಣೆಜಿಡ್ಡೋ ಇದ್ದರೆ ಅಲ್ಲಿ ಮೆರುಗು ಹಿಂದೆ ಸರಿದು ಮಣ್ಣು ಇಣುಕುತ್ತದೆ. ತಣಿಯುವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಕೂದಲೆಳೆಯ ಬಿರುಕು. ಇದು ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು. ಪ್ರತಿಮೆಗಳದ್ದು ಬೇರೆಯೇ ಪಾಡು: ಒಳಗೆ ಟೊಳ್ಳಾಗಿರಬೇಕು, ಗೋಡೆ ಒಂದೇ ದಪ್ಪ ಇರಬೇಕು, ಗಾಳಿಗೆ ತೂತು ಬೇಕು. ತೇವ ಉಳಿದರೆ ಆವಿಯ ಒತ್ತಡಕ್ಕೆ ಒಡೆಯುತ್ತದೆ.

ಅದೇ ಕಾರ್ಖಾನೆ 1920ರ ದಶಕದಲ್ಲಿ ತಂದ ‘ಒಡೆಟಾ’ ಹೆಸರಿನ ವಸ್ತುಗಳು ಮಾತ್ರ ಹೆಚ್ಚು ಶಾಖದಲ್ಲಿ ಸುಟ್ಟ ಕಲ್ಮಣ್ಣು (ಸ್ಟೋನ್‌ವೇರ್). ವ್ಯತ್ಯಾಸ ಬೇಕಿದ್ದರೆ ಅಡಿಯಲ್ಲಿ ಮೆರುಗಿಲ್ಲದ ಅಂಚಿಗೆ ಒಂದು ಹನಿ ನೀರು ಹಾಕಿ: ಫಾಯಾನ್ಸ್ ಹೀರುತ್ತದೆ, ಕಲ್ಮಣ್ಣಿನ ಮೇಲೆ ಹನಿ ಹಾಗೇ ನಿಲ್ಲುತ್ತದೆ.

– ಓದುಗರು